ಮನೆಯಲ್ಲಿ ಕೂತವರ ಕೆಲಸ

ಇವತ್ತು ನಾನು ಮಾತಾಡಬೇಕಾದ ವಿಷಯ ಕೆಲಸ ಹುಡುಕುವುದು. ಅದರಲ್ಲೂ ಮನೆಯಿಂದಲೇ ಮಾಡುವ, ನೀವು ರಿಮೋಟ್ ಅನ್ನುವ ಕೆಲಸ. ಕನ್ನಡ ಎಂ.ಎ. ಮಾಡಿದ ಗೃಹಿಣಿ ಇದರ ಬಗ್ಗೆ ಏನು ಹೇಳಿಯಾಳು ಅಂತ ಕೆಲವರಿಗೆ ಅನ್ನಿಸಬಹುದು. ನ್ಯೂಜೆರ್ಸಿಯಲ್ಲಿ ಭಾನುವಾರದ ಕನ್ನಡ ತರಗತಿ ನಡೆಸಲು ಶುರುಮಾಡಿ ಬಹಳ ವರ್ಷವಾಯಿತು. ನನ್ನ ಹತ್ತಿರ ಅ ಆ ಇ ಈ ತಿದ್ದಿದ ಮಕ್ಕಳೇ ಈಗ ಕಾಲೇಜು ಮುಗಿಸಿ, ರೆಸ್ಯೂಮೆ ಹಿಡಿದುಕೊಂಡು ಬರುತ್ತಿದ್ದಾರೆ. ಹಾಗಾಗಿ ನನಗೂ ಸ್ವಲ್ಪ ಗೊತ್ತು.

ಕನ್ನಡದಲ್ಲಿ ಒಂದು ಮಾತಿದೆ. "ಅವನು ಮನೇಲಿ ಕೂತಿದಾನೆ." ಅಂದರೆ ಅವನಿಗೆ ಕೆಲಸವಿಲ್ಲ ಅಂತಲೇ ಅರ್ಥ. ಊರಿನಿಂದ ಅಜ್ಜಿ ಫೋನ್ ಮಾಡಿದಾಗ ನಿಮ್ಮ ಕಿವಿಗೂ ಇದು ಬಿದ್ದಿರುತ್ತದೆ. ತಮಾಷೆ ನೋಡಿ, ರಿಮೋಟ್ ಕೆಲಸ ಸಿಕ್ಕವರೂ ಮನೆಯಲ್ಲೇ ಕೂತಿರುತ್ತಾರೆ, ಸಿಗದವರೂ ಮನೆಯಲ್ಲೇ ಕೂತಿರುತ್ತಾರೆ. ಅದೇ ಕುರ್ಚಿ, ಅದೇ ಲ್ಯಾಪ್‌ಟಾಪ್. ಹೊರಗಿನವರಿಗೆ ವ್ಯತ್ಯಾಸ ಕಾಣುವುದಿಲ್ಲ. ನಾಲ್ಕಾರು ವಾರ ಕಳೆದರೆ ಕೂತವರಿಗೂ ಕಾಣುವುದಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಅರ್ಜಿ ಹಾಕುತ್ತಾ ಇರುತ್ತೀರಿ, ದಿನವಿಡೀ ದುಡಿದ ಹಾಗೇ ಆಯಾಸವಾಗುತ್ತದೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ವಿಷಯ ಹೇಳುತ್ತೇನೆ, ಅವಳ ಒಪ್ಪಿಗೆ ತೆಗೆದುಕೊಂಡೇ. ಮ್ಯಾನ್‌ಹಟನ್‌ನ ಒಂದು ಕಂಪನಿಯಲ್ಲಿ ಡೇಟಾ ಅನಲಿಸ್ಟ್ ಆಗಿದ್ದಳು. ಲೇಆಫ್ ಆಯಿತು. ನಾಲ್ಕು ತಿಂಗಳಲ್ಲಿ ಮುನ್ನೂರಕ್ಕೂ ಹೆಚ್ಚು ಅರ್ಜಿ ಹಾಕಿದ್ದಳು. ಎಲ್ಲವನ್ನೂ ಸ್ಪ್ರೆಡ್‌ಶೀಟ್‌ನಲ್ಲಿ ದಿನಾಂಕ ಸಮೇತ ಬರೆದಿಟ್ಟಿದ್ದಳು. ಚಿಕ್ಕಂದಿನಿಂದ ಅವಳು ಹಾಗೇ, ಕಾಪಿ ಪುಸ್ತಕದಲ್ಲೂ ಗೆರೆ ದಾಟಿದವಳಲ್ಲ. ನಾನು ಒಂದೇ ಪ್ರಶ್ನೆ ಕೇಳಿದೆ. "ಇದರಲ್ಲಿ ಎಷ್ಟು ಕಡೆ ಮನುಷ್ಯರ ಹತ್ತಿರ ಮಾತಾಡಿದೆ?" ಮೇಲೆ ಕೆಳಗೆ ನೋಡಿದಳು. "ಎರಡು, ಆಂಟಿ."

ಯಾಕೆ ಹೀಗೆ? ಎಡಿಸನ್‌ನ ಒಂದು ಆಫೀಸಿನಲ್ಲಿ ಕೆಲಸ ಖಾಲಿ ಇದ್ದರೆ ಅಲ್ಲಿಗೆ ಹೋಗಿ ಬರಬಲ್ಲವರು ಮಾತ್ರ ಅರ್ಜಿ ಹಾಕುತ್ತಾರೆ. ಅದೇ ಕೆಲಸ ರಿಮೋಟ್ ಅಂದ ಕೂಡಲೇ ಇಡೀ ದೇಶ ಸಾಲಿನಲ್ಲಿ ನಿಲ್ಲುತ್ತದೆ. ಲಿಂಕ್ಡ್‌ಇನ್‌ನಲ್ಲಿ ಈಸಿ ಅಪ್ಲೈ ಒತ್ತಿದರೆ ನಿಮಿಷದಲ್ಲಿ ಅರ್ಜಿ ಹೋಯಿತು. ಪತ್ರ ಬರೆದುಕೊಡಲು ಚಾಟ್‌ಜಿಪಿಟಿ ಇದೆ. ಇತ್ತ ರಿಮೋಟ್ ಕೆಲಸ ಕೊಡುತ್ತಿದ್ದವರು ಹಿಂದೆ ಸರಿಯುತ್ತಿದ್ದಾರೆ. ಅಮೆಜಾನ್ 2024ರ ಸೆಪ್ಟೆಂಬರ್‌ನಲ್ಲೇ ಹೇಳಿತು, ಮುಂದಿನ ಜನವರಿಯಿಂದ ಆಫೀಸಿನವರೆಲ್ಲ ವಾರದ ಐದೂ ದಿನ ಬರಬೇಕು ಅಂತ. ಸಾಲು ಉದ್ದವಾಯಿತು, ಕೌಂಟರ್ ಕಡಿಮೆಯಾಯಿತು.

ಇನ್ನೊಂದು ವಿಷಯ. ರಿಮೋಟ್ ಅಂದರೆ ಎಲ್ಲಿಂದ ಬೇಕಾದರೂ ಅಂತಲ್ಲ. ನೀವಿರುವ ರಾಜ್ಯದಲ್ಲಿ ನಿಮಗೆ ಸಂಬಳ ಕೊಡಬೇಕಾದರೆ ಕಂಪನಿ ಆ ರಾಜ್ಯದ ತೆರಿಗೆಗೆ, ನಿರುದ್ಯೋಗ ವಿಮೆಗೆ ನೋಂದಾಯಿಸಿಕೊಂಡಿರಬೇಕು. ಅದಕ್ಕೇ ಎಷ್ಟೋ ಕಂಪನಿಗಳು ಇಂತಿಂಥ ರಾಜ್ಯದವರು ಮಾತ್ರ ಅಂತ ಜಾಹೀರಾತಿನ ಕೊನೆಯಲ್ಲಿ ಸಣ್ಣದಾಗಿ ಹಾಕಿರುತ್ತವೆ. ನಮ್ಮ ಹುಡುಗಿಯ ಪಟ್ಟಿಯಲ್ಲಿ ನ್ಯೂಜೆರ್ಸಿಯವರನ್ನು ತೆಗೆದುಕೊಳ್ಳದ ಕಂಪನಿಗಳೇ ಸಾಕಷ್ಟಿದ್ದವು! ಸಂಬಳದ ಸಾಲನ್ನೂ ಓದಿ. 2025ರ ಜೂನ್ 1ರಿಂದ ನ್ಯೂಜೆರ್ಸಿಯಲ್ಲಿ ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆ ಜಾಹೀರಾತಿನಲ್ಲಿ ಸಂಬಳ ಎಷ್ಟರಿಂದ ಎಷ್ಟರವರೆಗೆ ಅಂತ ಹಾಕಲೇಬೇಕು.

ಮೋಸದ ಬಗ್ಗೆಯೂ ಎರಡು ಮಾತು, ಯಾಕೆಂದರೆ ಮುಖ ನೋಡದೆ ಕೆಲಸ ಕೊಡುವ ಕಡೆ ಅದು ಜಾಸ್ತಿ. ವಾಟ್ಸಾಪ್ ಅಥವಾ ಟೆಲಿಗ್ರಾಂ ಚಾಟ್‌ನಲ್ಲೇ ಇಂಟರ್‌ವ್ಯೂ ಮುಗಿಸಿ, ಲ್ಯಾಪ್‌ಟಾಪ್ ಕೊಳ್ಳಲು ಚೆಕ್ ಕಳಿಸುತ್ತೇವೆ, ಉಳಿದ ಹಣ ಇಂಥವರಿಗೆ ಕಳಿಸಿ ಅಂದರೆ ಅಲ್ಲಿಗೇ ಬಿಟ್ಟುಬಿಡಿ. ಬ್ಯಾಂಕು ಆ ಹಣವನ್ನು ಒಂದೆರಡು ದಿನದಲ್ಲಿ ನಿಮ್ಮ ಖಾತೆಯಲ್ಲಿ ತೋರಿಸುತ್ತದೆ. ಚೆಕ್ ನಕಲಿ ಅಂತ ತಿಳಿಯುವುದು ವಾರಗಳ ನಂತರ. ಆಗ ಸಾಲಗಾರರು ನೀವು.

ಸರಿ, ಅರ್ಜಿಯಿಂದ ಆಗದಿದ್ದರೆ ಇನ್ನೇನು? ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞರು ಬಾಸ್ಟನ್ ಹತ್ತಿರದ ನ್ಯೂಟನ್ ಊರಿನಲ್ಲಿ, ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಕೇಳಿದರು, ನಿಮಗೆ ಸುದ್ದಿ ಕೊಟ್ಟವರನ್ನು ನೀವು ಎಷ್ಟು ಸಲ ನೋಡುತ್ತಿದ್ದಿರಿ ಅಂತ. ನೂರರಲ್ಲಿ ಸುಮಾರು 83 ಜನ ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಅಂದರು. 1973ರಲ್ಲಿ ಅವರ ಲೇಖನ ಬಂತು. ಯೋಚಿಸಿದರೆ ಸಹಜವೇ. ಪ್ರಾಣಸ್ನೇಹಿತರಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಅಷ್ಟಕ್ಕಷ್ಟೇ ಪರಿಚಯ ಇರುವವರಿಂದ. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಲಿಂಕ್ಡ್‌ಇನ್‌ನ ಎರಡು ಕೋಟಿಗೂ ಹೆಚ್ಚು ಜನರ ಮೇಲಿನ ಅಧ್ಯಯನ ಬಂತು. ಅದರಲ್ಲೂ ತೀರಾ ಹತ್ತಿರದವರಿಗಿಂತ ಸಾಧಾರಣ ಪರಿಚಯದವರೇ ಹೆಚ್ಚು ಉಪಯೋಗಕ್ಕೆ ಬಂದಿದ್ದರು.

ಸಾಧಾರಣ ಪರಿಚಯದವರು ನಿಮಗಿರುವಷ್ಟು ಇನ್ಯಾರಿಗಿದ್ದಾರೆ? ಕನ್ನಡ ಕೂಟದ ಅಂಕಲ್‌ಗಳು, ಆಂಟಿಯರು, ರಾಜ್ಯೋತ್ಸವದ ನಾಟಕದಲ್ಲಿ ಜೊತೆಗಿದ್ದವರು, ಯುಗಾದಿ ಊಟ ಬಡಿಸುವಾಗ ಪಕ್ಕದಲ್ಲಿ ನಿಂತವರು. ಇದನ್ನೇ ನಮ್ಮ ಹುಡುಗಿಗೆ ಹೇಳಿದೆ. ಅವಳ ಮುಖ ಸಣ್ಣದಾಯಿತು. "ಆಂಟಿ, ಅದು ಚೀಟಿಂಗ್ ಅಲ್ವಾ? ಇಂಡಿಯಾದಲ್ಲಿ ವಶೀಲಿ ಇಲ್ದೆ ಏನೂ ಆಗ್ತಿರ್ಲಿಲ್ಲ, ಅದಕ್ಕೇ ಇಲ್ಲಿಗೆ ಬಂದೆ ಅಂತಾರೆ ಅಪ್ಪ."

ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಆ ಅಪ್ಪ ಹೇಳಿದ್ದು ಸುಳ್ಳಲ್ಲ. ವಶೀಲಿ ಅನ್ನುವುದು ಅರಬ್ಬಿಯ ವಸೀಲಾ ಪದದಿಂದ ಬಂದದ್ದು. ಮೂಲದಲ್ಲಿ ಸಾಧನ, ತಲುಪುವ ದಾರಿ ಅಂತ ಅರ್ಥ. ನಮ್ಮಲ್ಲಿಗೆ ಬರುವ ಹೊತ್ತಿಗೆ ಅರ್ಹತೆ ಇಲ್ಲದವನನ್ನು ಒಳಗೆ ತಳ್ಳುವ ಕೈ ಅಂತಾಯಿತು. ಆದರೆ ಎರಡಕ್ಕೂ ವ್ಯತ್ಯಾಸ ಇದೆ. "ನಾನು ಹೇಳಿ ಮಾಡಿಸ್ತೀನಿ" ಅಂದರೆ ವಶೀಲಿ. "ನಿನ್ನ ರೆಸ್ಯೂಮೆ ಓದೋಕೆ ಹೇಳ್ತೀನಿ" ಅಂದರೆ ಅಲ್ಲ. ಮುಂದೆ ಇಂಟರ್‌ವ್ಯೂನಲ್ಲಿ ಉತ್ತರ ಕೊಡಬೇಕಾದವರು ನೀವೇ. ಇಷ್ಟಾದರೂ ಇದು ಪೂರ್ತಿ ನ್ಯಾಯ ಅಂತ ನಾನು ಹೇಳಲಾರೆ. ಕಂಪನಿಯಲ್ಲಿ ಯಾವ ಅಂಕಲ್ಲೂ ಇಲ್ಲದ ಮಕ್ಕಳಿದ್ದಾರಲ್ಲ, ಅವರ ರೆಸ್ಯೂಮೆ ಯಾರು ಓದುತ್ತಾರೆ? ನಿಮ್ಮ ಜೊತೆ ಓದಿದವರಲ್ಲಿ ಅಂಥವರಿದ್ದರೆ ಅವರ ಹೆಸರನ್ನೂ ಮುಂದೆ ಕಳಿಸಿ.

ಇನ್ನು ದಿನ ಕಳೆಯುವ ಬಗ್ಗೆ. ಇದರಲ್ಲಿ ನನಗೆ ಅನುಭವ ಜಾಸ್ತಿ. ನಾನು ಈ ದೇಶಕ್ಕೆ ಬಂದದ್ದು ಎಚ್-4 ವೀಸಾದಲ್ಲಿ. ಆಗ ನಮಗೆ ಸಂಬಳಕ್ಕೆ ದುಡಿಯುವ ಅನುಮತಿಯೇ ಇರಲಿಲ್ಲ; 2015ರ ಮೇ ತಿಂಗಳಿಂದ ಕೆಲವರಿಗೆ ಸಿಕ್ಕಿತು. ಮನೆಗೆಲಸಕ್ಕೆ ಮುಗಿಯಿತು ಅನ್ನುವ ಗಂಟೆಯೇ ಇಲ್ಲ. ಕೆಲಸ ಹುಡುಕುವುದೂ ಹಾಗೇ, ಎಷ್ಟು ಹೊತ್ತು ಕೊಟ್ಟರೂ ನುಂಗುತ್ತದೆ. ಅದಕ್ಕೇ ಹೊತ್ತು ಗೊತ್ತುಮಾಡಿಕೊಳ್ಳಿ. ಒಂಬತ್ತರಿಂದ ಹನ್ನೆರಡು ಹುಡುಕಾಟ. ಎರಡೋ ಮೂರೋ ಅರ್ಜಿ ಸಾಕು, ಆದರೆ ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ ಆ ಕೆಲಸ ಇನ್ನೂ ಇದೆಯೇ ಅಂತ ನೋಡಿ ಹಾಕಿ. ಮಧ್ಯಾಹ್ನ ಕೈಯಲ್ಲಿ ಹಿಡಿದು ತೋರಿಸಬಹುದಾದ ಏನನ್ನಾದರೂ ಮಾಡಿ. ನಮ್ಮ ಹುಡುಗಿ ನ್ಯೂಜೆರ್ಸಿ ಟ್ರಾನ್ಸಿಟ್ ರೈಲುಗಳು ಎಷ್ಟು ತಡವಾಗುತ್ತವೆ ಅಂತ ಲೆಕ್ಕ ತೆಗೆದು ಚಾರ್ಟ್ ಮಾಡಿದಳು. ದಿನಕ್ಕೊಮ್ಮೆ ಮನೆ ಬಿಟ್ಟು ಲೈಬ್ರರಿಗೆ ಹೋಗಿ. ಐದು ಗಂಟೆಗೆ ಲ್ಯಾಪ್‌ಟಾಪ್ ಮುಚ್ಚಿ.

ಕೇಳುತ್ತಿರುವ ಅಪ್ಪ ಅಮ್ಮಂದಿರಿಗೂ ಒಂದು ಮಾತು. "ಹೇಗೂ ಮನೇಲೇ ಇದೀಯಲ್ಲ, ನ್ಯೂವರ್ಕ್ ಏರ್‌ಪೋರ್ಟ್‌ಗೆ ಹೋಗಿ ದೊಡ್ಡಪ್ಪನ್ನ ಕರ್ಕೊಂಡು ಬಾ" ಅನ್ನಬೇಡಿ. ಹನ್ನೆರಡು ಗಂಟೆಯವರೆಗಂತೂ ಬೇಡ. ಮನೆಯಲ್ಲಿರುವವರ ಹೊತ್ತು ಎಲ್ಲರ ಹೊತ್ತು ಅಂದುಕೊಳ್ಳುವ ಅಭ್ಯಾಸ ನಮ್ಮ ಮನೆಗಳಲ್ಲಿ ಬಹಳ ಹಳೆಯದು. ಗೃಹಿಣಿಯರನ್ನು ಕೇಳಿ ನೋಡಿ.

ಆ ಹುಡುಗಿ ಕೊನೆಗೆ ಏಳು ಜನರಿಗೆ ಬರೆದಳು. ಮೂವರು ಉತ್ತರಿಸಿದರು. ಅದರಲ್ಲಿ ಒಬ್ಬರು ನಾಟಕದಲ್ಲಿ ಅವಳ ತಾತನ ಪಾತ್ರ ಮಾಡಿದ್ದವರು. ಈಗ ಒಂದು ಆಸ್ಪತ್ರೆಯ ಡೇಟಾ ವಿಭಾಗದಲ್ಲಿ ಆರು ತಿಂಗಳ ಕಾಂಟ್ರಾಕ್ಟ್. ಮೂರು ದಿನ ಮನೆಯಿಂದ, ಎರಡು ದಿನ ರೈಲಿನಲ್ಲಿ ಹೋಗಿ ಬರಬೇಕು. ಮುಂದೆ ಏನೋ ಗೊತ್ತಿಲ್ಲ, ಹುಡುಕಾಟ ನಿಲ್ಲಿಸಿಲ್ಲ.

ಅವಳು ಬರೆದದ್ದು ಇಷ್ಟೇ. "ನಮಸ್ಕಾರ ಅಂಕಲ್. ರಾಜ್ಯೋತ್ಸವದ ನಾಟಕದಲ್ಲಿ ನಿಮ್ಮ ಮೊಮ್ಮಗಳಾಗಿದ್ದೆ, ನೆನಪಿದೆಯಾ? ನೀವು ಕೆಲಸ ಮಾಡುವ ಕಡೆ ಡೇಟಾ ತಂಡದಲ್ಲಿ ಒಂದು ಜಾಗ ಇದೆ ಅಂತ ನೋಡಿದೆ. ಆ ತಂಡದವರು ಹೊಸಬರಲ್ಲಿ ಏನು ನೋಡುತ್ತಾರೆ? ಹದಿನೈದು ನಿಮಿಷ ಫೋನ್‌ನಲ್ಲಿ ಮಾತಾಡಬಹುದಾ?" ಗಮನಿಸಿ, ಕೆಲಸ ಕೊಡಿಸಿ ಅಂತ ಕೇಳಿಲ್ಲ. ಕನ್ನಡದಲ್ಲಿ ಬರೆಯಲು ಕಷ್ಟವಾದರೆ ಇಂಗ್ಲಿಷಿನಲ್ಲೇ ಬರೆಯಿರಿ, ಅಂಕಲ್‌ಗೇನೂ ಬೇಜಾರಾಗುವುದಿಲ್ಲ.

ಭಾನುವಾರ ತರಗತಿ ಮುಗಿದ ಮೇಲೆ, ಹನ್ನೆರಡೂವರೆಗೆ, ನಾವು ನಾಲ್ಕು ಜನ ಸ್ವಯಂಸೇವಕರು ರೆಸ್ಯೂಮೆ ಓದಲು ಕೂರುತ್ತೇವೆ. ಪ್ರಿಂಟ್ ಮಾಡಿಕೊಂಡು ಬನ್ನಿ, ಕಣ್ಣಿಗೆ ಸುಲಭ. ಕೇಸರಿಬಾತ್ ಇರುತ್ತದೆ.