ಕಾರಿನಲ್ಲೂ ಕನ್ನಡ ಹಾಡು

ನಮ್ಮ ಬಾನುಲಿಯಲ್ಲಿ ಕನ್ನಡಕ್ಕೆ ಸಿಗುವುದು ಸ್ವಲ್ಪವೇ ಹೊತ್ತು. ಉಳಿದಂತೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಕನ್ನಡ ಹಾಡು ಕೇಳುವುದು ಹೇಗೆ?

ಹೊಸ ಕಾರಿನ ಪರದೆಯಲ್ಲಿ ಸ್ಪಾಟಿಫೈ, ಜಿಯೋಸಾವನ್ ಹುಡುಕಿ ಸೋತಿದ್ದೀರಾ? ಹೆಚ್ಚಿನ ಕಾರುಗಳಲ್ಲಿ ಆ್ಯಪ್ ಇರಬೇಕಾದದ್ದು ನಿಮ್ಮ ಫೋನಿನಲ್ಲಿ. ಕಾರಿನಲ್ಲಿ ಆಂಡ್ರಾಯ್ಡ್ ಆಟೋ ಅಥವಾ ಐಫೋನಿನವರಿಗೆ ಕಾರ್‌ಪ್ಲೇ ಸೌಲಭ್ಯವಿದ್ದರೆ, ಫೋನ್ ಜೋಡಿಸಿದೊಡನೆ ಆ ಆ್ಯಪ್ ಪರದೆಯ ಮೇಲೆ ಬರುತ್ತದೆ. ಹಾಡುವುದು ಫೋನು, ಮುಖ ತೋರಿಸುವುದು ಪರದೆ!

ಯುಎಸ್‌ಬಿ ಕೇಬಲ್ ಹಾಕಿಯೂ ಏನೂ ಕಾಣದಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ. ಕೆಲವು ಕೇಬಲ್‌ಗಳಿಂದ ಬರೀ ಚಾರ್ಜ್ ಆಗುತ್ತದೆ, ಅಷ್ಟೇ. ಹಳೆಯ ಕಾರಾದರೆ ಬ್ಲೂಟೂತ್ ಸಾಕು. ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ಧಾರವಾಡ, ಮೈಸೂರು ಆಕಾಶವಾಣಿಯನ್ನೂ ಹೀಗೇ ಕೇಳಬಹುದು.

ಮುಂಬೈಯಿಂದ ಪುಣೆಗೆ ಹೊರಟಿದ್ದೀರಾ? ಹಾಡುಗಳನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಹಲವು ಆ್ಯಪ್‌ಗಳಲ್ಲಿ ಇದಕ್ಕೆ ಚಂದಾ ಕಟ್ಟಬೇಕು. ಆದರೆ ಘಾಟಿಯ ಸುರಂಗದಲ್ಲಿ ನೆಟ್‌ವರ್ಕ್ ಕೈಕೊಟ್ಟರೂ ಹಾಡು ನಿಲ್ಲುವುದಿಲ್ಲ.

ಕೊನೆಗೊಂದು ಮಾತು. ಹಾಡಿನ ಆಯ್ಕೆಯೆಲ್ಲ ಗಾಡಿ ಹೊರಡುವ ಮುಂಚೆಯೇ ಮುಗಿಯಲಿ. ಕಿವಿ ಹಾಡಿನ ಕಡೆ, ಕಣ್ಣು ರಸ್ತೆಯ ಕಡೆ.