ಇರುಳಿಗರ ಅರ್ಜಿಗೆ ನಮ್ಮ ಹಿರಿಯರ ಸಾಕ್ಷ್ಯ

(ಸಾವನದುರ್ಗದ ತಪ್ಪಲಿನಲ್ಲಿ ನಡೆದ ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರಗಳಿಂದ ಮಕ್ಕಳು ಮರಿಗಳೊಂದಿಗೆ ತಾವೆಲ್ಲ ಇಲ್ಲಿಗೆ ಆಗಮಿಸಿದ್ದೀರಿ. ಬೆಳಿಗ್ಗೆ ನಮ್ಮ ಯುವಕರು ಕರಿಗುಡ್ಡವನ್ನು ಹತ್ತಿ ಇಳಿದರು. ಟಿಪ್ಪು ಸುಲ್ತಾನರ ಸೈನ್ಯ ಕಾದ ಈ ದುರ್ಗವನ್ನು 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ಪಡೆ ವಶಪಡಿಸಿಕೊಂಡ ಕಥೆಯನ್ನು ಅವರು ತಮ್ಮ ತಮ್ಮಂದಿರಿಗೆ ಹೇಳುತ್ತಿದ್ದುದನ್ನು ಕೇಳಿ ನಮಗೆ ಸಂತೋಷವಾಯಿತು. 1984ರಲ್ಲಿ ತೆರೆಕಂಡ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರಕ್ಕೆ ಇಲ್ಲಿ ಚಿತ್ರೀಕರಣ ನಡೆದ ಸಂಗತಿಯೂ ಒಬ್ಬರಿಗೆ ತಿಳಿದಿತ್ತು. ಕೋಟೆಯನ್ನು ಕಾದವರ ಕಥೆ, ಕೆಡವಿದವರ ಕಥೆ, ಕೊನೆಗೆ ಕ್ಯಾಮರಾ ಹೊತ್ತು ಬಂದವರ ಕಥೆಯೂ ನಮಗೆ ಗೊತ್ತು. ಆದರೆ ಈ ಬೆಟ್ಟದ ಸುತ್ತಲ ಕಾಡಿನಲ್ಲಿ ತಲೆತಲಾಂತರದಿಂದ ಬಾಳಿದ ಇರುಳಿಗರ ಬಗ್ಗೆ ದಾರಿಯುದ್ದಕ್ಕೂ ಒಬ್ಬರೂ ಒಂದು ಮಾತನ್ನೂ ಆಡಲಿಲ್ಲ. ಇದು ಯುವಕರ ತಪ್ಪಲ್ಲ. ನಾವು ಅವರಿಗೆ ಹೇಳಿಕೊಟ್ಟಿಲ್ಲ.

ಇರುಳಿಗರು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿರುವ ಜನ. ಜೇನು, ಗೆಡ್ಡೆ ಗೆಣಸು, ಸೀಗೆಕಾಯಿ, ಬಿದಿರು, ಔಷಧಿಯ ಬೇರುಗಳು ಅವರ ಜೀವನಾಧಾರವಾಗಿದ್ದವು. ಕಾಡು ಸರಕಾರದ ಆಸ್ತಿಯಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಕಾಡಿನೊಳಗೆ ಹುಟ್ಟಿದವನು ಕಾಡಿನಲ್ಲಿ ಅತಿಕ್ರಮಣಕಾರನೆನಿಸಿದ. ಇಂದು ಅವರಲ್ಲಿ ಹಲವರು ಬೆಟ್ಟದ ಅಂಚಿನ ಕಾಲನಿಗಳಲ್ಲಿದ್ದು, ಮಾವಿನ ತೋಟಗಳಲ್ಲಿ, ಅನ್ಯರ ಹೊಲಗಳಲ್ಲಿ ಕೂಲಿ ಮಾಡುತ್ತಾರೆ. ಬೆಂಗಳೂರಿನ ಹಣವಂತರಿಗೆ ಇದೇ ಬೆಟ್ಟದ ಸುತ್ತ ತೋಟದ ಮನೆ ಕಟ್ಟಲು ಜಾಗ ಸಿಗುತ್ತದೆ!

ಇಲ್ಲಿ ನಮ್ಮದೇ ಮನೆಯ ಮಾತೊಂದನ್ನು ಹೇಳಬೇಕಾಗಿದೆ. ನಮ್ಮ ಬಾಲ್ಯದಲ್ಲಿ ಇರುಳಿಗರ ಹೆಂಗಸೊಬ್ಬಳು ಜೇನು ತರುತ್ತಿದ್ದಳು. ಅಮ್ಮೀಜಾನ್ ಆ ಜೇನನ್ನು ಬಹಳ ಮೆಚ್ಚುತ್ತಿದ್ದರು. ಕಲೋಂಜಿಯೊಂದಿಗೆ ಬೆರೆಸಿ ನಮಗೆಲ್ಲ ನೆಕ್ಕಿಸುತ್ತಿದ್ದರು. ಆದರೆ ಆ ಹೆಂಗಸು ಜಗಲಿಯನ್ನು ಏರುವಂತಿರಲಿಲ್ಲ. ನೀರು ಕೇಳಿದರೆ ಬೊಗಸೆಗೆ ಮೇಲಿನಿಂದ ಹೊಯ್ಯುತ್ತಿದ್ದರು. ಅಮ್ಮೀಜಾನ್ ಐದು ಹೊತ್ತು ನಮಾಝ್ ಮಾಡುತ್ತಿದ್ದರು, ಬಡವರನ್ನು ಬರಿಗೈಯಲ್ಲಿ ಕಳಿಸಿದವರಲ್ಲ. ಆ ರೂಢಿಯನ್ನು ಅವರಿಗೆ ಯಾವ ಗ್ರಂಥವೂ ಕಲಿಸಿರಲಿಲ್ಲ. ಅದು ಬೀದಿಯಿಂದ ಒಳಗೆ ಬಂದು ನಮ್ಮದೂ ಆಗಿಬಿಟ್ಟಿತ್ತು. ಮಸೀದಿಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವ ನಾವು ಜಗಲಿಯ ಬಳಿ ಹಾಗೆ ನಿಲ್ಲಲಿಲ್ಲ. ತಾಯಂದಿರೇ, ಈಗ ನಮ್ಮ ಮನೆಗಳಲ್ಲಿ ಹಾಗಿಲ್ಲ ಎನ್ನುವಿರಾದರೆ, ಕೆಲಸದಾಕೆಗೆಂದು ಬೇರೆ ಇಟ್ಟಿರುವ ಲೋಟವನ್ನು ಒಮ್ಮೆ ನೆನೆದುಕೊಳ್ಳಿ.

2006ರ ನವೆಂಬರ್‌ನಲ್ಲಿ ಸಾಚಾರ್ ಸಮಿತಿಯ ವರದಿ ಬಂದಾಗ ನಾವೆಲ್ಲ ಅದನ್ನು ಕೈಯಲ್ಲಿ ಹಿಡಿದು ನ್ಯಾಯ ಕೇಳಿದೆವು. 6ರಿಂದ 14ರ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ನಾಲ್ವರಲ್ಲಿ ಒಬ್ಬರು ಶಾಲೆಯನ್ನೇ ಕಂಡಿಲ್ಲ ಅಥವಾ ಅರ್ಧಕ್ಕೆ ಬಿಟ್ಟಿದ್ದಾರೆ ಎಂದು ಆ ವರದಿ ಹೇಳಿತ್ತು. ಕೇಳಿದ್ದು ಸರಿಯಾಗಿಯೇ ಇತ್ತು. ಆದರೆ ಅದಕ್ಕೂ ಮೊದಲು, 2003ರಲ್ಲಿ, ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ಒಂದು ವರದಿ ಹೊರತಂದಿತ್ತು. ಅದರಲ್ಲಿ ನಮ್ಮ ಜಿಲ್ಲೆಯ ಕಾರ್ಖಾನೆಗಳಿದ್ದವು. ಗೂಡು ಬೇಯುವ ಬಿಸಿನೀರಿನಲ್ಲಿ ಬೊಬ್ಬೆಯೆದ್ದ ಕೈಗಳಿದ್ದವು. ತಂದೆ ಪಡೆದ ಮುಂಗಡಕ್ಕೆ ಮಗು ದುಡಿದು ತೀರಿಸುವ ಲೆಕ್ಕವಿತ್ತು. ಇಲ್ಲಿನ ರೀಲರುಗಳಲ್ಲೂ ಕೂಲಿಗಳಲ್ಲೂ ನಮ್ಮವರು ಬಹಳ ಮಂದಿ ಇದ್ದಾರೆಂಬುದು ಗುಟ್ಟೇನಲ್ಲ. ಆ ವರದಿಯನ್ನು ನಾವು ಯಾವ ಸಭೆಯಲ್ಲಿ ಓದಿದೆವು? ಜೀತವನ್ನು 1976ರಲ್ಲೇ ಕಾನೂನು ರದ್ದುಪಡಿಸಿತ್ತು. ನಮ್ಮ ಮೊಹಲ್ಲಾದ ಹಿರಿಯರು ಕಂಡೂ ಕಾಣದಂತೆ ಇದ್ದರು, ನಾವೂ ಇದ್ದೆವು. ನಮ್ಮ ಮೇಲಿನ ಅನ್ಯಾಯವನ್ನು ಎಣಿಸುವಾಗ ತಡವರಿಸದ ನಾಲಿಗೆ ನಮ್ಮಿಂದಾದುದನ್ನು ಹೇಳುವಾಗ ಕಟ್ಟಿಕೊಳ್ಳುತ್ತದೆ. ಯಂತ್ರಗಳು ಬಂದು ಅನೇಕ ಬದಲಾವಣೆಗಳಾಗಿವೆ, ನಿಜ. ಆದರೆ ಆ ಮಕ್ಕಳು ಈಗ ಮಕ್ಕಳ ತಂದೆಯರಾಗಿದ್ದಾರೆ. ಈ ಸಭೆಯಲ್ಲೂ ಇದ್ದಾರೆ.

ಸಾಕ್ಷಿ ಹೇಳದೆ ಉಳಿದ ಆ ತಪ್ಪನ್ನು ಇರುಳಿಗರ ವಿಷಯದಲ್ಲಿಯೂ ಮಾಡಬಾರದೆಂದೇ ಇಂದು ಈ ಮಾತು.

2006ರ ಅರಣ್ಯ ಹಕ್ಕು ಕಾಯ್ದೆಯ ಬಗ್ಗೆ ತಾವು ಕೇಳಿರಬಹುದು. ಅದು 2007ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. 2005ರ ಡಿಸೆಂಬರ್ 13ಕ್ಕೆ ಮೊದಲು ಅರಣ್ಯ ಭೂಮಿಯಲ್ಲಿ ವಾಸವಿದ್ದು ಸಾಗುವಳಿ ಮಾಡುತ್ತಿದ್ದ ಬುಡಕಟ್ಟು ಕುಟುಂಬಕ್ಕೆ ಗರಿಷ್ಠ 4 ಹೆಕ್ಟೇರ್‌ವರೆಗೆ ಹಕ್ಕು ದೊರೆಯುತ್ತದೆ. ಜೇನು, ಬಿದಿರು, ಗೆಡ್ಡೆಗಳಂತಹ ಕಿರು ಅರಣ್ಯ ಉತ್ಪನ್ನಗಳ ಮೇಲೆಯೂ ಹಕ್ಕಿದೆ. ಆ ದಿನಾಂಕಕ್ಕೆ ಮೊದಲು ಅಕ್ರಮವಾಗಿ ಎಬ್ಬಿಸಲ್ಪಟ್ಟವರಿಗೆ ಪುನರ್ವಸತಿಯ ಹಕ್ಕನ್ನೂ ಕಾಯ್ದೆ ಹೇಳಿದೆ. ಅರ್ಜಿಯ ವಿಚಾರಣೆ ಮುಗಿಯುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಹಕ್ಕುಪತ್ರದಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇರಬೇಕು. (ಹೆಣ್ಣುಮಕ್ಕಳಿಗೆ ವಾರಸು ಹಕ್ಕು ಕೊಟ್ಟ ಧರ್ಮ ನಮ್ಮದೆಂದು ಹೇಳಿಕೊಳ್ಳುವ ನಾವು, ನಮ್ಮ ಮನೆಯ ಪತ್ರಗಳನ್ನು ಒಮ್ಮೆ ತೆರೆದು ನೋಡಬಹುದು.)

ತೊಡಕು ಇರುವುದು ಪುರಾವೆಯಲ್ಲಿ. ಕಾಡಿನಲ್ಲಿ ಬಾಳಿದವನು ಪಹಣಿಯನ್ನೋ ಕಂದಾಯದ ರಸೀದಿಯನ್ನೋ ಎಲ್ಲಿಂದ ತಂದಾನು? ಸಾಲದ್ದಕ್ಕೆ, ತಿರಸ್ಕೃತರಾದ ಅರ್ಜಿದಾರರನ್ನು ತೆರವುಗೊಳಿಸಬೇಕೆಂದು 2019ರ ಫೆಬ್ರವರಿ 13ರಂದು ಸುಪ್ರೀಮ್ ಕೋರ್ಟ್ ಆದೇಶಿಸಿದಾಗ ದೇಶದಾದ್ಯಂತ ಲಕ್ಷಾಂತರ ಕುಟುಂಬಗಳು ನಡುಗಿದವು. ಅದೇ ತಿಂಗಳ 28ರಂದು ಆ ಆದೇಶಕ್ಕೆ ತಡೆ ಬಿತ್ತು. ಪೌರತ್ವದ ಪ್ರಶ್ನೆ ಎದ್ದ ವರ್ಷಗಳಲ್ಲಿ ಅಜ್ಜನ ಕಾಲದ ಕಾಗದಕ್ಕಾಗಿ ಪೆಟ್ಟಿಗೆ ತಡಕಾಡಿದ ನಮಗೆ ಈ ನಡುಕ ಅರ್ಥವಾಗದೇ?

ಆದರೆ ಆ ಕಾಯ್ದೆಯ ನಿಯಮಗಳು ಒಂದು ದಾರಿಯನ್ನು ತೆರೆದಿವೆ. ಅರ್ಜಿದಾರರಲ್ಲದ ಹಿರಿಯರು ನೀಡುವ ಹೇಳಿಕೆಯನ್ನು ಬರವಣಿಗೆಗೆ ಇಳಿಸಿದರೆ ಅದೂ ಪುರಾವೆಯಾಗುತ್ತದೆ. ಎರಡು ಪುರಾವೆಗಳು ಬೇಕು. ಅದರಲ್ಲಿ ಒಂದು ಇದಾಗಬಹುದು. ಈ ಸಭೆಯಲ್ಲಿ ಎಪ್ಪತ್ತು, ಎಂಬತ್ತು ದಾಟಿದ ಹಿರಿಯರಿದ್ದೀರಿ. ಸಂತೆಯಲ್ಲಿ ಇರುಳಿಗರಿಂದ ಜೇನು, ಸೀಗೆಕಾಯಿ ಕೊಂಡವರಿದ್ದೀರಿ. ಸೌದೆಗೆಂದು, ಬಿದಿರಿಗೆಂದು ಕಾಡಿನೊಳಗೆ ಹೋದವರಿದ್ದೀರಿ. ಯಾವ ಬಂಡೆಯ ಬಳಿ ಯಾರ ಗುಡಿಸಲುಗಳಿದ್ದವು, ಅವರು ಎಲ್ಲಿ ರಾಗಿ ಚೆಲ್ಲುತ್ತಿದ್ದರು, ಯಾವ ವರ್ಷ ಅವರನ್ನು ಎಬ್ಬಿಸಿದರು ಎಂಬುದು ಕಚೇರಿಯ ಕಡತದಲ್ಲಿ ಇಲ್ಲದಿದ್ದರೂ ನಿಮ್ಮ ನೆನಪಿನಲ್ಲಿದೆ. ಚಾಚಾ, ನೀವು ಕಣ್ಮುಚ್ಚಿದ ದಿನ ಒಂದು ಕುಟುಂಬದ ಪುರಾವೆಯೂ ನಿಮ್ಮೊಂದಿಗೆ ಕಬರಿಗೆ ಇಳಿಯುತ್ತದೆ. ಕಂಡ ಸತ್ಯವನ್ನು ಮರೆಮಾಚುವುದು ಎಂತಹ ಪಾಪವೆಂದು ನಿಮಗೆ ನಾವು ಹೇಳಬೇಕಾಗಿಲ್ಲ.

ಇದು ನಮ್ಮ ದೊಡ್ಡತನವೆಂದು ಯಾರೂ ಬಗೆಯಬೇಡಿ. ಇದೇ ಜನದ ಬಂಧುಗಳಾದ ತಮಿಳುನಾಡಿನ ಇರುಳರು 1978ರಲ್ಲಿ ಚೆನ್ನೈ ಸಮೀಪ ಹಾವು ಹಿಡಿಯುವವರ ಸಹಕಾರ ಸಂಘ ಕಟ್ಟಿದರು. ಅವರು ತೆಗೆದ ವಿಷದಿಂದ ಹಾವು ಕಡಿತದ ಔಷಧಿ ತಯಾರಾಗುತ್ತದೆ. ಆ ಸಮುದಾಯದ ಮಾಸಿ ಸಡೈಯನ್ ಮತ್ತು ವಡಿವೇಲ್ ಗೋಪಾಲ್ ಅವರಿಗೆ 2023ರಲ್ಲಿ ಪದ್ಮಶ್ರೀ ದೊರೆಯಿತು. ನಮ್ಮ ರೈತನೊಬ್ಬ ರಾತ್ರಿ ನೀರು ಕಟ್ಟಲು ಹೋಗಿ ಹಾವು ತುಳಿದು ಆಸ್ಪತ್ರೆ ಸೇರಿದಾಗ, ಅವನಿಗೆ ಚುಚ್ಚುವ ಸೂಜಿಯಲ್ಲಿ ಇರುಳರ ಕೈಯ ಕೆಲಸವಿರಬಹುದು. ಬೊಗಸೆಗೆ ಮೇಲಿನಿಂದ ನೀರು ಹೊಯ್ದ ಮನೆಯವನೇ ಅವನೆಂದು ಆ ಔಷಧಿ ವಿಚಾರಿಸುವುದಿಲ್ಲ.

ಊಟದ ನಂತರ ಅಸರ್ ನಮಾಝಿನವರೆಗೆ ಸಮಯವಿದೆ. ಕಾಲನಿಯ ಕೆಲವು ಹಿರಿಯರನ್ನು ನಾವು ಊಟಕ್ಕೆ ಕರೆದಿದ್ದೇವೆ. ಅವರು ನಮ್ಮೊಂದಿಗೇ ಒಂದೇ ದಸ್ತರ್‌ಖಾನ್‌ನಲ್ಲಿ ಕುಳಿತುಕೊಳ್ಳಲಿದ್ದಾರೆ. ವಕೀಲ ಮಿತ್ರರಿಬ್ಬರು ಹೇಳಿಕೆ ಬರೆದುಕೊಳ್ಳಲು ಆ ಹುಣಸೆ ಮರದಡಿ ಮೇಜು ಹಾಕಿಸಿದ್ದಾರೆ. ಹಳಬರನ್ನು ಗುರುತಿಸಬಲ್ಲವರು ಮೊದಲು ಅಲ್ಲಿಗೆ ಬನ್ನಿ. ಕನ್ನಡಕ ತಂದಿಲ್ಲದವರಿಗೆ ಹುಡುಗರು ಓದಿ ಹೇಳುತ್ತಾರೆ. ಕೇಳಿ, ಸರಿಯೆನಿಸಿದ ಮೇಲೆಯೇ ರುಜು ಹಾಕಿ.