ಕ್ರಿಯಾಪದದ ಕೊನೆಯಲ್ಲಿ ಕುಳಿತವರು



ಪ್ರಾಚೀನ ಈಜಿಪ್ಟಿನ ಭಾಷೆ ಕಲಿಯಹೊರಟವರಿಗೆ ವ್ಯಾಕರಣದ ಪುಸ್ತಕಗಳು ಮಾದರಿಗೆ ಕೊಡುವ ಧಾತು ಯಾವುದು ಗೊತ್ತೇ? ‘ಸೆಜೆಮ್’. ಅರ್ಥ, ‘ಕೇಳು’. ರೇಡಿಯೋ ಕೇಳುವ ನಮಗೆ ಹೇಳಿ ಮಾಡಿಸಿದ ಮಾತು!

‘ಸೆಜೆಮ್-ಎಫ್’ ಅಂದರೆ ಅವನು ಕೇಳುತ್ತಾನೆ, ‘ಸೆಜೆಮ್-ಎಸ್’ ಅಂದರೆ ಅವಳು ಕೇಳುತ್ತಾಳೆ. ಕೇಳುವವರು ಯಾರೆಂಬುದು ಧಾತುವಿನ ಕೊನೆಗೆ ಅಂಟಿಕೊಳ್ಳುತ್ತದೆ. ಆ ಭಾಷೆ ನಮ್ಮ ನೆಂಟಸ್ತಿಕೆಯದಲ್ಲ. ಆದರೂ ಈ ರೂಢಿ ನಮಗೆ ಹೊಸದಲ್ಲ. ಹಳಗನ್ನಡದಲ್ಲಿ ‘ಕೇಳ್ದೆಂ’ ಎಂದರೆ ನಾನು, ‘ಕೇಳ್ದಂ’ ಎಂದರೆ ಅವನು, ‘ಕೇಳ್ದಳ್’ ಎಂದರೆ ಅವಳು. ಕಾಲ ಬದಲಾದರೆ ನಡುವಿನ ಪ್ರತ್ಯಯ ಬದಲಾಗುತ್ತದೆ: ‘ಕೇಳ್ದಪೆಂ’ ಎಂದರೆ ಕೇಳುತ್ತೇನೆ, ‘ಕೇಳ್ವೆಂ’ ಎಂದರೆ ಕೇಳುವೆನು. 13ನೇ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಇದಕ್ಕೆಲ್ಲ ಸೂತ್ರ ಕಟ್ಟಿದ್ದಾನೆ.

ಇನ್ನೊಂದು ಸಂಗತಿ ಪುಣೆಯವರಾದ ನೀವು ಹೆಮ್ಮೆಪಡುವಂಥದ್ದು. 8, 9 ಮತ್ತು 10ನೇ ಶತಮಾನದ ಶಾಸನಗಳನ್ನಷ್ಟೇ ಆಧರಿಸಿ ಜಿ.ಎಸ್. ಗಾಯಿ ಅವರು ಬರೆದ ಹಳಗನ್ನಡದ ಚಾರಿತ್ರಿಕ ವ್ಯಾಕರಣವನ್ನು 1946ರಲ್ಲಿ ಪ್ರಕಟಿಸಿದ್ದು ಇಲ್ಲಿಯ ಡೆಕ್ಕನ್ ಕಾಲೇಜು. ನಮ್ಮ ಲಿಪಿ ಸ್ವರಗಳನ್ನೂ ಬರೆದಿಡುತ್ತದೆ. ಹಾಗಾಗಿ ಕಲ್ಲಿನ ಮೇಲಿನ ಕ್ರಿಯಾಪದವನ್ನು ಇಂದಿಗೂ ಓದಿ ಉಚ್ಚರಿಸಬಹುದು. ಈಜಿಪ್ಟಿನ ಲಿಪಿಕಾರರು ವ್ಯಂಜನಗಳನ್ನಷ್ಟೇ ಬರೆದರು. ‘ಸೆಜೆಮ್’ನ ಎಕಾರಗಳು ವಿದ್ವಾಂಸರು ಅನುಕೂಲಕ್ಕೆಂದು ಸೇರಿಸಿಕೊಂಡವು.

ಆ ಭಾಷೆಯ ಕೊನೆಯ ರೂಪ ಕಾಪ್ಟಿಕ್. ಅಷ್ಟು ಹೊತ್ತಿಗೆ ‘ಸೆಜೆಮ್’ ‘ಸೋತೆಮ್’ ಆಗಿತ್ತು, ಹಿಂದಿದ್ದ ‘ಎಫ್’ ಮುಂದಕ್ಕೆ ಬಂದಿತ್ತು. ಭಾಷೆ ಬದಲಾದದ್ದರಿಂದ ಕೆಡಲಿಲ್ಲ. ಮನೆಯಲ್ಲಿ ಆಡುವುದು ನಿಂತಿತು; ಇಂದು ಅದು ಮುಖ್ಯವಾಗಿ ಚರ್ಚಿನ ಪ್ರಾರ್ಥನೆಯಲ್ಲಿ ಉಳಿದಿದೆ.

ನಮ್ಮ ಮನೆಗಳತ್ತ ನೋಡೋಣ. ಮರಾಠಿಯಲ್ಲಿ ಹುಡುಗ ‘ಮೀ ಐಕತೋ’ ಎನ್ನುತ್ತಾನೆ, ಹುಡುಗಿ ‘ಮೀ ಐಕತೇ’ ಎನ್ನುತ್ತಾಳೆ. ಕನ್ನಡದಲ್ಲಿ ಇಬ್ಬರೂ ‘ಕೇಳ್ತೇನೆ’. ಎರಡೂ ಚೆಂದವೇ. ಮಕ್ಕಳು ಎರಡನ್ನೂ ಸಲೀಸಾಗಿ ಕಲಿಯಬಲ್ಲರು, ಕಿವಿಗೆ ಬಿದ್ದರೆ ಮಾತ್ರ. ಈ ಪ್ರತ್ಯಯಗಳನ್ನು ಮಗು ಪುಸ್ತಕದಿಂದ ಕಲಿಯುವುದಿಲ್ಲ, ಊಟದ ಹೊತ್ತಿನ ಮಾತಿನಿಂದ ಕಲಿಯುತ್ತದೆ.

ಇಂದು ರಾತ್ರಿ ಮಗುವನ್ನು ‘ಕೇಳಿಸ್ತಾ?’ ಎಂದು ಕೇಳಿ. ‘ಹೋ’ ಎಂದರೆ ಬೈಯಬೇಡಿ, ನಕ್ಕು ಇನ್ನೊಮ್ಮೆ ಕೇಳಿ. ‘ಕೇಳಿಸ್ತು’ ಎಂದರೆ ಸಾವಿರ ವರ್ಷದ ರೂಢಿ ನಿಮ್ಮ ಮನೆಯಲ್ಲಿ ಮುಂದುವರಿಯಿತು ಎಂದೇ ತಿಳಿಯಿರಿ.